ಗುಬ್ಬಿಯ ಮೂಗಿಗೆ ಒಪ್ಪುವ ಕನ್ನಡಕ

ಅವಳು ನನ್ನ ಕನ್ನಡಕದಂಗಡಿಗೆ ಎರಡನೇ ಸಲ ಬಂದಿದ್ದು ಜಗಳಕ್ಕೆ. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಹೊಲಿಗೆ ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದಳು. ಪಕ್ಕದಲ್ಲಿ ಅವಳ ತೀರಿಹೋದ ಅಕ್ಕನ ಮಗಳು, ಗುಬ್ಬಿ.

“ಏನ್ರೀ ಇದು?” ಮಗುವಿನ ಕಿವಿಯ ಹಿಂದೆ ಕೆಂಪಗೆ ಬರೆ ಬಿದ್ದಿತ್ತು.

“ಮಗು ಎಳೆದು ಬೀಳಿಸುತ್ತೆ ಅಂತ ಕಡ್ಡಿ ಬಿಗಿ ಮಾಡಿದ್ದೆ...”

“ಎಳೆಯೋದಲ್ಲ, ಜಾರೋದು! ಇವಳಿಗೆ ಡೌನ್ ಸಿಂಡ್ರೋಮ್. ಮೂಗು ಚಪ್ಪಟೆ, ಕಿವಿ ಪುಟ್ಟದು. ಕನ್ನಡಕ ಯಾವುದರ ಮೇಲೆ ಕೂರಬೇಕು? ನಾನು ಇವಳ ಫ್ರಾಕಿಗೆ ತೋಳು ಗಿಡ್ಡ ಮಾಡಿ ಹೊಲೀತೀನಿ. ಕೈಯನ್ನೇ ಎಳೆದು ಉದ್ದ ಮಾಡಲ್ಲ!”

ನನಗೆ ನಗು ಬಂತು, ತಡೆದುಕೊಂಡೆ. ಅವಳಿಗೂ ಬಂತು; ತುಟಿ ಕಚ್ಚಿ, ಖಾಲಿ ಗೋಡೆಯನ್ನು ಬಹಳ ಆಸಕ್ತಿಯಿಂದ ನೋಡಿದಳು. ನಾನು ಸೋತದ್ದು ಆ ಗಳಿಗೆಯಲ್ಲೇ.

ಬೇರೆ ಫ್ರೇಮಿಗೆ ದಪ್ಪನೆಯ ಮೆತ್ತನೆ ಪ್ಯಾಡ್ ಕೂರಿಸಿದೆ. ಸರಿಮಾಡಲು ಕೈ ಚಾಚಿದರೆ ಗುಬ್ಬಿ ಪಟ್ಟನೆ ಹೊಡೆದಳು. “ನಂದು!”

ಆಮೇಲೆ ಪ್ಯಾಡ್ ನೋಡುವ ನೆಪದಲ್ಲಿ ಅವರ ಮನೆಗೆ ಹೋಗತೊಡಗಿದೆ. ಪ್ರತಿ ಸಲವೂ ಕೈಗೆ ಏಟು ಬೀಳುತ್ತಿತ್ತು. ಹೊಲಿಗೆ ಯಂತ್ರದ ಸದ್ದಿನ ನಡುವೆ ಅವಳು ಒಂದೊಂದಾಗಿ ಹೇಳುತ್ತಿದ್ದಳು.

“ಮೆಟ್ಟಿಲು ಹತ್ತೋಕೆ ತಡ ಮಾಡಿದ್ರೆ ಸೋಮಾರಿ ಅನ್ನಬೇಡಿ. ಮೈಯ ಸ್ನಾಯು ಸಡಿಲ. ಕರೆದಾಗ ತಿರುಗದಿದ್ರೆ ಹಟ ಅನ್ನಬೇಡಿ. ಕಿವಿಯಲ್ಲಿ ನೀರು ಕಟ್ಟುತ್ತೆ, ಎದುರಿಗೆ ಬಂದು ಮಾತಾಡಿ.”

“ಎದೆ ಮೇಲಿನ ಆ ಗೆರೆ?”

“ಹೃದಯದಲ್ಲಿ ತೂತಿತ್ತು. ಕೂಸಾಗಿದ್ದಾಗಲೇ ಮುಚ್ಚಿದ್ರು. ಅದನ್ನ ಹೊಲಿದವರು ನನಗಿಂತ ಒಳ್ಳೆ ಟೈಲರ್.”

ಅವಳನ್ನು ನೋಡಲು ಬಂದ ಗಂಡುಗಳೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಮಗು ಎಲ್ಲಿರುತ್ತೆ? ಎಲ್ಲರನ್ನೂ ಹೊಸಿಲಿಂದಲೇ ಸಾಗಹಾಕಿದ್ದಳು. ನಾನು ಕೇಳಿದ್ದು, “ನಿಮ್ಮಿಬ್ಬರ ಜೊತೆ ನಾನು ಎಲ್ಲಿರಲಿ?”

ಅವಳ ಕೈಯ ದಾರ ಸೂಜಿಯ ಕಣ್ಣು ತಪ್ಪಿತು. ಮತ್ತೆ ತಪ್ಪಿತು. “ಯೋಚನೆ ಮಾಡ್ತೀನಿ,” ಅಂದಳು, ತಲೆ ಎತ್ತದೆ.

ಅಷ್ಟರಲ್ಲಿ ಗುಬ್ಬಿ ಮಂಕಾದಳು. ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ, ಊದಿದ ಮುಖ, ಆಟ ಬೇಡ, ಮಾತು ಬೇಡ. “ಅಂಥ ಮಕ್ಕಳು ಹಾಗೇನೇ,” ಅಂದರು ಅವಳ ಜೊತೆಗೇ ಇದ್ದ ದೊಡ್ಡಮ್ಮ. ಅವಳಿಗೆ ಬೇರೆಯೇ ಅನುಮಾನ.

“ನೀವು ಬರೋಕೆ ಶುರು ಮಾಡಿದ ಮೇಲೇ ಹೀಗಾಗಿದ್ದು. ಚಿಕ್ಕಿ ಕೈತಪ್ಪಿ ಹೋಗ್ತಾಳೆ ಅಂತ ಮನಸ್ಸಿಗೆ ಹಚ್ಕೊಂಡಿದೆ ಮಗು. ಇನ್ನು ಬರಬೇಡಿ.” ದನಿ ಗಟ್ಟಿಯಾಗಿತ್ತು, ಕಣ್ಣು ಅಲ್ಲ.

ನಾನು ಎದ್ದೆ. ಕೊನೆಯ ಸಲವೆಂದು ಗುಬ್ಬಿಯ ಕನ್ನಡಕ ಸರಿಮಾಡಿದೆ. ಅವಳು ಹೊಡೆಯಲಿಲ್ಲ, ಬೊಂಬೆಯಂತೆ ಕೂತಿದ್ದಳು. ಕೆನ್ನೆ ತಣ್ಣಗಿತ್ತು.

ಬಾಗಿಲವರೆಗೆ ಹೋದವನು ತಿರುಗಿದೆ. “ಮುನಿಸಿದ್ರೆ ಹೊಡೀತಿದ್ದಳು ಕಣ್ರೀ. ಇವಳಿಗೆ ಮುನಿಸಿಕೊಳ್ಳೋಕೂ ತ್ರಾಣ ಇಲ್ಲ. ನಾನು ಬರಲ್ಲ. ಆದ್ರೆ ಡಾಕ್ಟರಿಗೆ ತೋರಿಸಿ.”

ತೋರಿಸಿದಳು ಎಂದು ದೊಡ್ಡಮ್ಮನಿಂದ ತಿಳಿಯಿತು. ಥೈರಾಯ್ಡ್ ಹಾರ್ಮೋನು ಕಮ್ಮಿಯಾಗಿತ್ತಂತೆ. ಇಂಥ ಮಕ್ಕಳಲ್ಲಿ ಅದು ಹೆಚ್ಚು, ಚೆನ್ನಾಗಿ ಕಂಡರೂ ವರ್ಷ ವರ್ಷ ರಕ್ತ ಪರೀಕ್ಷೆ ಮಾಡಿಸಬೇಕು, ಎಲ್ಲವನ್ನೂ ಡೌನ್ ಸಿಂಡ್ರೋಮ್ ತಲೆಗೆ ಕಟ್ಟಬಾರದು ಅಂದರಂತೆ ಡಾಕ್ಟರು. ದಿನಾ ಬೆಳಿಗ್ಗೆ ಒಂದು ಮಾತ್ರೆ.

ನಾನು ಮಾತಿಗೆ ತಪ್ಪಲಿಲ್ಲ, ಹೋಗಲಿಲ್ಲ. ಅಂಗಡಿ ಬಾಗಿಲು ಸದ್ದಾದಾಗಲೆಲ್ಲ ತಲೆ ಎತ್ತುವ ಚಟ ಮಾತ್ರ ಅಂಟಿಕೊಂಡಿತು.

ಒಂದು ಮಧ್ಯಾಹ್ನ ಅವಳೇ ನಿಂತಿದ್ದಳು, ಒಬ್ಬಳೇ.

“ಗುಬ್ಬಿ ಹೇಗಿದ್ದಾಳೆ?”

“ಮನೆ ತಲೆಕೆಳಗು ಮಾಡ್ತಿದ್ದಾಳೆ.” ಸೆರಗಿನ ತುದಿ ಬೆರಳಿಗೆ ಸುತ್ತಿದಳು. “ಮಗು ನಿಮ್ಮನ್ನ ಕೇಳ್ತಿದೆ ಅಂತ ಹೇಳೋಣ ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದೆ. ಸುಳ್ಳು. ಅವಳು ನಿಮ್ಮ ಸುದ್ದೀನೇ ಎತ್ತಿಲ್ಲ. ಕೇಳ್ತಿರೋದು ನಾನು.”

ನಡುಹಗಲಲ್ಲೇ ಅಂಗಡಿ ಮುಚ್ಚಿದೆ.

ಅವರ ಮನೆಯ ಬೆಂಚಿನ ಮೇಲೆ ನಾವಿಬ್ಬರೂ ಅಕ್ಕಪಕ್ಕ ಕೂತೆವೋ ಇಲ್ಲವೋ, ಗುಬ್ಬಿ ಬಂದು ಇಬ್ಬರನ್ನೂ ಆಚೆ ಈಚೆ ದಬ್ಬಿ ನಡುವೆ ಕೂತಳು. ಈಗ ನಮ್ಮಿಬ್ಬರ ತಲೆ ನೆರೆತಿದೆ. ಅವಳು ಇನ್ನೂ ಆ ಜಾಗ ಬಿಟ್ಟುಕೊಟ್ಟಿಲ್ಲ.