ಅವಳ ಪುಟಗಳನ್ನು ತಿದ್ದಲಾರದವನು

"ಈ ಗೆರೆ ತಪ್ಪು! ಅಳಿಸಿ."

ಬಾಂಡುಂಗ್‌ನ ವಿಶ್ವವಿದ್ಯಾಲಯವೊಂದರಲ್ಲಿ ರೆಂಗಾನಿಸ್ ಕೆಲಸಕ್ಕೆ ಸೇರಿದ ದಿನ ಗುಮಿಲಾರ್ ಅವಳೊಂದಿಗೆ ಆಡಿದ ಮೊದಲ ಮಾತೇ ಅದು. ನಮಸ್ಕಾರವೂ ಇಲ್ಲ, ನಗುವೂ ಇಲ್ಲ. ಅವಳ ಮೈಯೆಲ್ಲ ಉರಿದುಹೋಯಿತು.

ಭೌತಶಾಸ್ತ್ರವನ್ನೆಲ್ಲ ಕಂಪ್ಯೂಟರಿನೊಳಗೆ ಒಂದು ದೊಡ್ಡ ನಕ್ಷೆಯಾಗಿ ಜೋಡಿಸುವ ಕೆಲಸ ಅವರದು. ಬಲ, ಶಾಖ, ಬೆಳಕು... ಒಂದೊಂದಕ್ಕೂ ಒಂದು ಪುಟ. ಯಾವುದು ಯಾವುದಕ್ಕೆ ಸೇರುತ್ತದೆಂದು ಗೆರೆ ಎಳೆಯಬೇಕು. ಶಾಲೆಯ ಮಕ್ಕಳು ಆ ಗೆರೆ ಒತ್ತಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತಾರೆ. ಅವಳು ಎಳೆದದ್ದನ್ನು ಅವನು ಪರೀಕ್ಷಿಸಿ ಒಪ್ಪಬೇಕು. ಒಪ್ಪುವುದೆಂದರೆ ಆ ಮಹಾರಾಯನಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ!

ಆದರೂ ಜಗಳವಾಡುತ್ತಲೇ ಅವಳು ಅವನಿಗೆ ಒಲಿದುಬಿಟ್ಟಿದ್ದಳು. ಮಧ್ಯಾಹ್ನ ಒಂದೇ ತಟ್ಟೆಯಲ್ಲಿ ಬಾತಾಗೋರ್ ಎಂಬ ಕರಿದ ತಿಂಡಿ ಹಂಚಿಕೊಂಡು, ಬೆರಳಿಗೆ ಕಡಲೆಕಾಯಿ ಗೊಜ್ಜು ಮೆತ್ತಿಕೊಂಡೇ ವಾದ ಮಾಡುವ ಆ ಹೊತ್ತಿಗಾಗಿಯೇ ಬೆಳಿಗ್ಗೆ ಎದ್ದು ಬರುತ್ತಿದ್ದಳು. ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಆಗಲೇ ಆ ಎಡವಟ್ಟಾಯಿತು.

'ವೃತ್ತೀಯ ಚಲನೆ'ಯ ಪುಟವನ್ನು ಅವಳು ಅವಸರದಲ್ಲಿ 'ವೇಗೋತ್ಕರ್ಷ ಇಲ್ಲದ ಚಲನೆ'ಗೆ ಜೋಡಿಸಿದ್ದಳು. ಸುತ್ತುವ ವಸ್ತುವಿನ ಜವ ಬದಲಾಗದಿದ್ದರೂ ದಿಕ್ಕು ಬದಲಾಗುತ್ತಲೇ ಇರುತ್ತದೆ, ಅದೂ ವೇಗೋತ್ಕರ್ಷವೇ ಎಂದು ಹೈಸ್ಕೂಲು ಮಕ್ಕಳಿಗೂ ಗೊತ್ತು. ಗುಮಿಲಾರ್ ಅದನ್ನು ಒಪ್ಪಿಬಿಟ್ಟಿದ್ದ! ಗಾರುತ್‌ನ ಶಾಲಾ ಮೇಷ್ಟ್ರೊಬ್ಬರು ಅದನ್ನು ಕಂಡು ಫೋನ್ ಮಾಡಿ ನಕ್ಕರು.

ಮರುದಿನವೇ ಅವನು ಅವಳ ಪುಟಗಳನ್ನೆಲ್ಲ ಬೇರೊಬ್ಬರಿಗೆ ಒಪ್ಪಿಸಿ ಕೆಳಗಿನ ಮಹಡಿಗೆ ಹೋಗಿ ಕುಳಿತ. ಊಟಕ್ಕೂ ಬರಲಿಲ್ಲ. ಎದುರು ಸಿಕ್ಕರೆ ತಲೆ ತಗ್ಗಿಸಿ ನಡೆದ.

'ನನ್ನಿಂದ ಅವನ ಮಾನ ಹೋಯಿತು... ನನ್ನ ಮುಖ ನೋಡಲೂ ಅವನಿಗೆ ಇಷ್ಟವಿಲ್ಲ.'

ತಪ್ಪು ತಿದ್ದಿ ಆಗಿತ್ತು. ಕ್ಷಮೆ ಕೇಳಿ ಕಳಿಸಿದ ಸಂದೇಶಕ್ಕೆ ಉತ್ತರವಿರಲಿಲ್ಲ. ಇನ್ನೇನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ. ಹೊಸ ಪರೀಕ್ಷಕಿ ಹೊಗಳಿದಾಗಲೂ ಅಳುವೇ ಬಂತು.

ಕೊನೆಗೆ ಮುಖ್ಯಸ್ಥೆ ಇಮಾಸ್ ಬಳಿ ಹೋದಳು.

"ಮೇಡಂ, ನಾನೇ ಕೆಲಸ ಬಿಡ್ತೀನಿ. ಅವರು ವಾಪಸ್ ಮೇಲೆ ಬರ್ಲಿ."

"ಅಯ್ಯೋ ಪೆದ್ದಿ! ನಮ್ಮ ನಿಯಮ ಮರ್ತುಬಿಟ್ಯಾ? ಅಣ್ಣ ತಂಗಿ ಕೆಲಸಾನ, ಗಂಡ ಹೆಂಡತಿ ಕೆಲಸಾನ ಪರೀಕ್ಷೆ ಮಾಡೋ ಹಾಗಿಲ್ಲ. ಆ ನಿಯಮದ ಪ್ರಕಾರ ನನ್ನನ್ನ ರೆಂಗಾನಿಸ್ ಪುಟಗಳಿಂದ ಬಿಡಿಸಿ ಅಂತ ಗುಮಿಲಾರ್ ಬಂದ. 'ನೀನೇನು ಅವಳ ಅಣ್ಣಾನಾ?' ಅಂದೆ. 'ಅಲ್ಲ' ಅಂದ. 'ಮತ್ತೆ?' ಅಂದ್ರೆ, ನೆಲ ನೋಡ್ಕೊಂಡು ನಿಂತ!"

ರೆಂಗಾನಿಸ್‌ಗೆ ಅಷ್ಟೇ ಸಾಕಾಯಿತು. ಮೆಟ್ಟಿಲಿಳಿದು ಓಡಿದಳು.

"ಕಾಂಗ್ ಗುಮಿಲಾರ್!" ಗಂಡಸರನ್ನು ಗೌರವದಿಂದ ಕರೆಯುವ ಅಲ್ಲಿಯ ರೂಢಿಯಲ್ಲೇ ಕೂಗಿದಳು. "ನನ್ನ ಆ ತಪ್ಪು ನಿಮ್ಗೆ ಕಾಣ್ಲೇ ಇಲ್ವಾ?"

ಅವನು ಗಾಬರಿಯಿಂದ ಎದ್ದು ನಿಂತ. "ಇಲ್ಲ. ಹತ್ತು ಸಲ ಓದಿದ್ದೆ... ನಿಮ್ಮ ಪುಟ ತೆರೆದ್ರೆ ನೀವೇ ಪಕ್ಕದಲ್ಲಿ ಕೂತು ಹೇಳ್ತಿರೋ ಹಾಗೆ ಕೇಳ್ಸುತ್ತೆ. ನೀವು ಹೇಳಿದ್ದೆಲ್ಲಾ ಸರಿ ಅನ್ಸುತ್ತೆ. ನಾನೇನ್ ಮಾಡ್ಲಿ?"

"ಅದನ್ನ ನನಗೆ ಹೇಳೋಕೇನಾಗಿತ್ತು?"

"ಹೇಳಿದ್ಮೇಲೆ ನೀವು ಇಲ್ಲ ಅಂದ್ಬಿಟ್ರೆ...?"

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕುಳಿತಳು.

"ಇನ್ಮೇಲೆ ನನ್ನ ಪುಟ ನೀವು ಮುಟ್ಟೋ ಹಾಗಿಲ್ಲ. ಯಾವತ್ತೂ!"

ಅವನ ಮುಖ ಬಾಡಿತು. "ಯಾವತ್ತೂ...?"

"ಗಂಡ ಹೆಂಡತಿ ಕೆಲಸಾನ ಪರೀಕ್ಷೆ ಮಾಡಬಾರದಂತೆ, ಅಲ್ವಾ ಕಾಂಗ್?"

ಅರ್ಥವಾಗಲು ಆ ಜಾಣನಿಗೆ ಸ್ವಲ್ಪ ಹೆಚ್ಚೇ ಹೊತ್ತು ಬೇಕಾಯಿತು. ಆಮೇಲೆ ಮೆಲ್ಲಗೆ ಅವಳ ಕೈ ಹಿಡಿದ.

"ಮಾಡಲ್ಲ... ದೇವರಾಣೆಗೂ ಮಾಡಲ್ಲ."