ಅವನತ್ತ ಬಾಗದ ಪರದೆ

"ಆ ಪರದೇನ ಸ್ವಲ್ಪ ಈ ಕಡೆ ತಿರುಗಿಸ್ತೀರೋ, ಇಲ್ಲ ನಾನೇ ಒಳಗೆ ಬರ್ಲೋ?"

ಕಿಟಕಿಯ ಕಂಬಿಗಳ ಆಚೆಯಿಂದ ಬಂದ ಆ ದನಿಗೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳೂ ತಲೆಯೆತ್ತಿದಳು.

ನಿದ್ದೆಗೆಟ್ಟ ಕಣ್ಣು. ಬೆರಳ ತುದಿಗಳಲ್ಲಿ ನೇರಳೆ ಶಾಯಿ. ಕೈಯಲ್ಲಿ ಮಡಚಿ ಮಡಚಿ ಹರಿದ ಒಂದು ಕಾಗದ.

"ತೋರಿಸೋ ಹಾಗಿಲ್ಲ ಸಾರ್... ರೂಲ್ಸ್ ಇಲ್ಲ."

"ಸತ್ತವನು ನಮ್ಮಣ್ಣ. ಮಿಲ್ಲಲ್ಲಿ ಬಾಯ್ಲರ್ ಸಿಡಿದು ಸತ್ತ. 'ಮೃತರದೇ ತಪ್ಪು' ಅಂತ ಕಾಗದ ಕಳಿಸಿದ್ದೀರಿ. ಏನು ತಪ್ಪು? ಅದನ್ನ ಓದೋಕೂ ನಮಗೆ ರೂಲ್ಸ್ ಇಲ್ವಾ?"

ಕಾರ್ಮಿಕರ ಅಪಘಾತಗಳನ್ನು ದಾಖಲಿಸುವ ಕಚೇರಿಯದು. ಅವಳು ಗುತ್ತಿಗೆಯ ಆಪರೇಟರ್. ಎದೆಯ ಮೇಲೆ ಹೆಸರಿಲ್ಲ, ಏಳು ಎಂಬ ನಂಬರಿನ ಬಿಲ್ಲೆ. ಅವಳ ಮಾನಿಟರಿನ ಬುಡಕ್ಕೆ ಸಾಹೇಬರು ಸ್ಕ್ರೂ ಹಾಕಿಸಿ ಮೇಜಿಗೆ ಬಿಗಿಸಿದ್ದರು, ಹೊರಗಿನವರ ಕಡೆ ತಿರುಗಬಾರದೆಂದು. ದುಡಿದು ಸತ್ತವರ ಕಥೆಯೆಲ್ಲ ಆ ಪರದೆಯ ಮೇಲೆ. ಅವರ ಮನೆಯವರಿಗೆ ಕಾಣುತ್ತಿದ್ದುದು ಅದರ ಬೆನ್ನು ಮಾತ್ರ!

ಕಾಗದದಲ್ಲಿದ್ದ ನಂಬರನ್ನು ಒತ್ತಿದಳು. ಕಡತ ತೆರೆಯಿತು.

ವೈದ್ಯರ ವರದಿ: ಮದ್ಯದ ವಾಸನೆ ಇಲ್ಲ.

ತಿದ್ದುಪಡಿ: ಕುಡಿದಿದ್ದರು.

ತಿದ್ದಿದವರು: ಆಪರೇಟರ್ ಏಳು.

'ಅಯ್ಯೋ... ಅದೇ ಕೇಸು!'

ಆರು ತಿಂಗಳ ಹಿಂದೆ ಸಾಹೇಬರು ಅವಳ ಬೆನ್ನ ಹಿಂದೆ ಬಂದು ನಿಂತಿದ್ದರು. "ಒಂದು ಪದ ಅಷ್ಟೇ ಬದಲಾಯಿಸಮ್ಮಾ. ಮುಂದಿನ ತಿಂಗಳು ನಿನ್ನ ಗುತ್ತಿಗೆ ಮುಗಿಯುತ್ತಲ್ಲ?" ಹಾಸಿಗೆ ಹಿಡಿದ ಅಪ್ಪನ ಮುಖ ಕಣ್ಮುಂದೆ ಬಂದಿತ್ತು. ಒತ್ತಿಬಿಟ್ಟಿದ್ದಳು. ಸತ್ತವನಿಗೊಬ್ಬ ತಮ್ಮನಿರಬಹುದೆಂದು ಆಗ ಅವಳು ಯೋಚಿಸಿರಲಿಲ್ಲ.

"ಮುಂದಿನ ವಾರ ಬನ್ನಿ ಸಾರ್," ಎಂದಳು.

ಅವನು ಬಂದ. ಪ್ರತಿ ಮಂಗಳವಾರವೂ ಬಂದ.

ಅವನದು ರಬ್ಬರ್ ಸ್ಟಾಂಪ್ ಮಾಡುವ ಸಣ್ಣ ಅಂಗಡಿ. "ನಿಮ್ಮ ಆಫೀಸಿನ 'ತಿರಸ್ಕರಿಸಲಾಗಿದೆ' ಸ್ಟಾಂಪು ನಾನೇ ಮಾಡಿದ್ದು ಮೇಡಂ. ಚೆನ್ನಾಗಿ ಬಾಳಿಕೆ ಬರ್ತಿದೆ ಅಲ್ವಾ?" ಎಂದು ಒಮ್ಮೆ ಕೇಳಿದ. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

ಸಾಲಿನಲ್ಲಿದ್ದ ಅಜ್ಜಿಯರಿಗೆ ಅರ್ಜಿ ಓದಿ ಹೇಳುತ್ತಿದ್ದ. ಅವಳ ಮೇಜಿನ ಮೇಲಿನ ಕಾಗದವನ್ನು ಆಚೆಯಿಂದಲೇ, ತಲೆಕೆಳಗಾಗಿ ಓದಿ ತಪ್ಪು ತೋರಿಸುತ್ತಿದ್ದ.

"ಉಲ್ಟಾ ಅಕ್ಷರದಲ್ಲೇ ಹೊಟ್ಟೆ ಹೊರೆಯೋನು ನಾನು. ನೇರ ಇದ್ರೇನೇ ಕಷ್ಟ!"

ಕಡತ ಕಟ್ಟುವ ಅಕ್ಕನ ಕೀಟಲೆ ಬೇರೆ: "ಮಂಗಳವಾರ ಯಾವತ್ತು ಅಂತ ಕ್ಯಾಲೆಂಡರ್ ನೋಡೋದೇ ಬೇಡ ಕಣೇ. ನಿನ್ನ ಜಡೆ ನೋಡಿದ್ರೆ ಸಾಕು!"

ಒಂದು ದಿನ ಅವನು ಕಂಬಿಗೆ ಒರಗಿ ಕೇಳಿದ, "ಯಾಕೆ ಹಾಗೆ ಕತ್ತು ಬಗ್ಗಿಸಿ ಕೂರ್ತೀರಿ? ನೋಯಲ್ವಾ?"

"ಮಾನಿಟರ್ ಮುಂದಕ್ಕೆ ವಾಲಿಕೊಂಡಿದೆ. ಬಿಗಿ ಹಿಡಿದುಬಿಟ್ಟಿದೆ, ಎಷ್ಟು ತಳ್ಳಿದ್ರೂ ಬಗ್ಗಲ್ಲ."

"ಮಾನಿಟರ್ರಾ... ನೀವಾ?"

ಅವಳ ಕೆನ್ನೆ ಬಿಸಿಯಾಯಿತು. ಮರುಕ್ಷಣವೇ ಕಣ್ಣು ಪರದೆಗೆ ಹೊರಳಿತು. 'ನಿಜ ಗೊತ್ತಾದ ದಿನವೂ ಇವರು ಹೀಗೇ ನಗ್ತಾರಾ?'

ಮುಂದಿನ ಮಂಗಳವಾರ ಅವನ ಮುಖದಲ್ಲಿ ನಗುವಿರಲಿಲ್ಲ.

"ಮಿಲ್ಲಿನವರು ಯಾರೋ ಅಮ್ಮನ ಹತ್ರ ಅಂದ್ರಂತೆ... ನಿನ್ನ ಮಗ ಕುಡಿದಿದ್ದ ಅಂತ. ಅಣ್ಣ ಒಂದು ಹನಿ ಮುಟ್ಟಿದವನಲ್ಲ. ಅವತ್ತಿಂದ ಅಮ್ಮ ಅವನ ಹಳೇ ಅಂಗಿಗಳನ್ನೆಲ್ಲ ತೆಗೆದು ಮೂಸಿ ನೋಡ್ತಾಳೆ. 'ವಾಸನೆ ಇಲ್ಲ ಅಲ್ವೇನೋ? ನೀನೂ ನೋಡೋ' ಅಂತಾಳೆ. ಏನು ಹೇಳ್ಲಿ ಮೇಡಂ?"

ಅವಳು ಕೀಲಿಮಣೆಯಿಂದ ಕೈ ತೆಗೆದಳು.

"ವಾರಕ್ಕೊಂದು ಸಲ ನಿಮ್ಮ ಮುಖ ನೋಡಿದ್ರೆ ಹೇಗೋ ಜೀವ ಹಿಡಿದುಕೊಳ್ತೀನಿ. ಸುಳ್ಳು ಯಾಕೆ, ಈಗೀಗ ಅದಕ್ಕೂ ಬರ್ತೀನಿ. ಈ ಕಟ್ಟಡದಲ್ಲಿ ನಂಬೋಕೆ ಅಂತ ಇರೋದು ನೀವೊಬ್ರೇ."

'ನಂಬಬೇಡಿ! ದಯವಿಟ್ಟು ನನ್ನನ್ನ ನಂಬಬೇಡಿ!'

ಬಾಯಿ ಮುಚ್ಚಿಕೊಂಡರೆ ಇವನು ಬರುತ್ತಲೇ ಇರುತ್ತಾನೆ. ಆ ತಾಯಿ ಅಂಗಿ ಮೂಸುತ್ತಲೇ ಇರುತ್ತಾಳೆ. ಇದು ಎಂಥ ಪ್ರೀತಿ?

ಅವಳು ಆ ಕಡತ ತೆರೆದಳು. ಎದ್ದು ನಿಂತು ಮಾನಿಟರಿನ ಮೇಲಂಚನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಒತ್ತಿದಳು. ಜಗ್ಗಲಿಲ್ಲ. ಮೈಭಾರವನ್ನೆಲ್ಲ ಹಾಕಿದಳು. ಅಂಗೈಗೆ ಅಂಚು ಕೊರೆಯಿತು. ಕಿರ್ರ್... ಒಂದು ಬೆರಳಿನಷ್ಟು ಬಾಗಿತು. ಇನ್ನೂ ಒಂದು ಬೆರಳು. ಕಚೇರಿಯವರೆಲ್ಲ ತಲೆಯೆತ್ತಿದರು. ಕೊನೆಗೆ ಪರದೆ ಅಂಗಾತ ಬಿದ್ದಂತೆ ಚಾವಣಿಯತ್ತ ಮುಖ ಮಾಡಿ ನಿಂತಿತು.

"ಉಲ್ಟಾ ಓದೋಕೆ ಬರುತ್ತಲ್ಲ... ಓದಿ!"

ಅವನು ಕಂಬಿಗೆ ಹಣೆಯೊತ್ತಿ ಬಗ್ಗಿದ. ತುಟಿಗಳು ಅಲುಗಿದವು. ಕಣ್ಣು ಒಂದು ಸಾಲಿನಿಂದ ಇನ್ನೊಂದಕ್ಕೆ ಸರಿಯಿತು. ಆಮೇಲೆ ನಿಧಾನವಾಗಿ ಅವಳ ಎದೆಯ ಬಿಲ್ಲೆಗೆ ಬಂದು ನಿಂತಿತು.

"ಏಳು... ನೀವಾ?"

"ನಾನೇ."

"ಇಷ್ಟು ಮಂಗಳವಾರ... ಗೊತ್ತಿದ್ದೂ ನನ್ನ ಜೊತೆ ನಗ್ತಿದ್ರಾ?"

ಅವಳ ಉತ್ತರಕ್ಕೆ ಅವನು ನಿಲ್ಲಲಿಲ್ಲ. ಸಾಲನ್ನು ಸೀಳಿಕೊಂಡು ಹೊರಟುಹೋದ.

ಹಿಂದಿನಿಂದ ಸಾಹೇಬರ ದನಿ ಕೇಳಿತು. "ಬಿಲ್ಲೆ ಬಿಚ್ಚಿಟ್ಟು ಹೋಗು. ನಾಳೆಯಿಂದ ಬರೋದು ಬೇಡ."

ಕೆಲಸ ಹೋದದ್ದಕ್ಕೆ ಅವಳು ಅಳಲಿಲ್ಲ. ಮಂಗಳವಾರಗಳು ಬಂದಾಗ ಅತ್ತಳು.

ಎರಡು ತಿಂಗಳ ಮೇಲೆ, ಅವನು ಕೊಟ್ಟ ದೂರಿನ ವಿಚಾರಣೆಯೆಂದು ಕಡತದ ಅಕ್ಕ ಸುದ್ದಿ ತಂದಳು. ಅವಳನ್ನು ಯಾರೂ ಕರೆದಿರಲಿಲ್ಲ. ತಾನಾಗಿ ಹೋಗಿ ನಿಂತು, ಯಾರು ಹೇಳಿದರು, ತಾನು ಏನು ಒತ್ತಿದೆ ಎಂಬುದನ್ನೆಲ್ಲ ಹೇಳಿದಳು.

ಮಿಲ್ಲಿನ ವಕೀಲರು ನಕ್ಕರು. "ಈ ದೂರು ಕೊಟ್ಟವರಿಗೂ ನಿಮಗೂ ಏನಮ್ಮಾ ಸಂಬಂಧ? ವಾರವಾರ ಕಿಟಕೀಲಿ ಮಾತಾಡ್ತಿದ್ರಂತೆ?"

ಅವನು ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಪಕ್ಕದಲ್ಲಿ ಅವನ ಅಮ್ಮ.

"ಪ್ರೀತಿ ಇದೆ ಸಾರ್. ನನಗೆ ಅವರ ಮೇಲೆ ಇದೆ. ಅವರಿಗೆ ನನ್ನ ಮೇಲೆ ಇರಬೇಕಾಗಿಲ್ಲ. ಆದ್ರೆ ಆ ಸುಳ್ಳು ಒತ್ತಿದಾಗ ನಾನು ಅವರ ಮುಖಾನೂ ಕಂಡಿರ್ಲಿಲ್ಲ. ಪ್ರೀತಿಗೋಸ್ಕರ ನಾನು ಸುಳ್ಳು ಹೇಳಿದವಳಲ್ಲ. ಕೆಲಸಕ್ಕೋಸ್ಕರ ಹೇಳಿದವಳು. ಹೇಳಿಸಿದವರು ಅಲ್ಲಿ ಕೂತಿದ್ದಾರೆ, ಅವರನ್ನ ಕೇಳಿ!"

ವಿಚಾರಣಾಧಿಕಾರಿಗಳು ವೈದ್ಯರ ಕೈಬರಹದ ಚೀಟಿಯನ್ನು ತರಿಸಿ ನೋಡಿದರು. ಸಂಜೆಯೊಳಗೆ ಆ ಪದವನ್ನು ಅಳಿಸುವಂತೆ ಆದೇಶವಾಯಿತು. ಸತ್ತವನು ಎದ್ದು ಬರಲಿಲ್ಲ. ಒಂದು ಪದ ಹೋಯಿತು, ಅಷ್ಟೇ. ಆದರೂ ಅವನ ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು, ಮಗ ಇವತ್ತೇ ಸತ್ತನೇನೋ ಎಂಬಂತೆ.

ಹೊರಗಿನ ಮೆಟ್ಟಿಲ ಬಳಿ ಆ ತಾಯಿ ಅವಳೆದುರು ನಿಂತಳು.

"ನೀನೇನಾ?"

"ಹೂಂ ಅಮ್ಮಾ... ನಾನೇ."

"ನನ್ನ ಮಗನ ಅಂಗೀನ ನಾನೇ ಅನುಮಾನಿಸೋ ಹಾಗೆ ಮಾಡಿದೆ ಕಣೇ." ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬೈಯೋಕೂ ನನ್ನಲ್ಲಿ ಶಕ್ತಿ ಇಲ್ಲ." ಹಾಗೆಂದವಳು ಮೆಟ್ಟಿಲಿಳಿಯಲು ಆಸರೆಗೆ ಕೈ ಚಾಚಿದಳು. ಅವಳತ್ತಲೇ ಚಾಚಿದಳು.

ಅವಳು ಆ ಕೈಯನ್ನು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದಳು. ಕೆಳಗೆ ಅವನಿದ್ದ.

"ನನ್ನ ಸಿಟ್ಟು ಇನ್ನೂ ಹೋಗಿಲ್ಲ," ಎಂದ.

"ಹೋಗ್ಬೇಕು ಅಂತ ನಾನು ಕೇಳ್ಲಿಲ್ಲ."

"ಎಷ್ಟು ದಿನ ಬೇಕೋ ಗೊತ್ತಿಲ್ಲ."

"ಕಾಯ್ತೀನಿ... ಎಲ್ಲಿದ್ರೂ."

ಅವನು ಅವಳ ಮುಖ ನೋಡಿದ. ಕಣ್ಣು ತುಂಬಿಕೊಂಡಿತು. ಅಮ್ಮನ ಇನ್ನೊಂದು ಕೈಯನ್ನು ತಾನು ಹಿಡಿದುಕೊಂಡ.

"ಎಲ್ಲೋ ಯಾಕೆ, ಒಬ್ಬಳೇ ಯಾಕೆ ಕಾಯ್ತೀಯಾ? ಬಾ... ನಮ್ಮನೇಲೇ ಕಾಯಿ."