ಬಾಡಿದರೆ ಮಾತ್ರ ಕರೆಯಿರಿ

ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದವನಿಗೆ ಹಿತ್ತಲಿನ ಬೆಣ್ಣೆಹಣ್ಣಿನ ಮರದ ಕೆಳಗೆ ಹೆಣವೊಂದು ಕಂಡಿತು.

ಹೆಣವೆಂದೇ ಅವನು ನಂಬಿದ. ಯಾರೋ ಹುಡುಗಿ ಕೈಕಾಲು ಚಾಚಿ ಅಂಗಾತ ಮಲಗಿದ್ದಳು. ರೆಪ್ಪೆ ಬಡಿಯುತ್ತಿರಲಿಲ್ಲ. ಕೆನ್ನೆಯ ಮೇಲೆ ಇರುವೆಯೊಂದು ಹರಿದಾಡುತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. "ದೊಡ್ಡಮ್ಮಾ!" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದ.

"ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ," ಎಂದಿತು ಹೆಣ. "ಬೆಳಕಿಗೆ ಅಡ್ಡ ಬರ್ತಿದ್ದೀರಿ."

ಒಳಗಿನಿಂದ ದೊಡ್ಡಮ್ಮ ಗೋಡೆ ಹಿಡಿದುಕೊಂಡು ಬಂದು, ಅವನ ಬಿಳಿಚಿದ ಮುಖ ನೋಡಿ ನಕ್ಕರು. "ತೋಟ ಮಾಡೋ ಹುಡುಗಿ ಕಣೋ. ನಾನೇ ಕರೆಸಿದ್ದು. ನನ್ನ ಕಿಟಕಿ ಆಚೆ ಬರೀ ಕತ್ತಲು. ಸಾಯೋದ್ರೊಳಗೆ ಅಲ್ಲಿ ಏನಾದ್ರೂ ಹಸಿರು ನೋಡಬೇಕು ನಾನು."

ಹುಡುಗಿ ಎದ್ದು ಕುಳಿತು ಇರುವೆಯನ್ನು ಮೆಲ್ಲಗೆ ಕೊಡವಿದಳು. ಎಲೆಗಳ ನಡುವೆ ಎಷ್ಟು ಆಕಾಶ ಇಣುಕುತ್ತದೆಂದು ನೋಡದೆ ನೆರಳಿನ ಜಾಗಕ್ಕೆ ಗಿಡ ಆರಿಸಬಾರದಂತೆ. ಹಾಗೆ ಹೇಳಿ ಅವಳು ನಕ್ಕಾಗ ಎಡಗಡೆಯ ಕೋರೆಹಲ್ಲು ಉಳಿದವುಗಳಿಗಿಂತ ಒಂದು ಕೂದಲೆಳೆಯಷ್ಟು ಮುಂದೆ ಬಂತು. ಅವನ ಕಣ್ಣು ಅಲ್ಲಿಯೇ ನೆಟ್ಟಿತು.

ಅವನದು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ. ದಿನವೆಲ್ಲ ಬಾಯಿಲ್ಲದ ಹಲ್ಲುಗಳ ಜೊತೆ ಕಳೆಯುವವನಿಗೆ, ಹಲ್ಲಿರುವ ಬಾಯಿ ಎದುರಾದರೆ ಮಾತೇ ಹೊರಡುತ್ತಿರಲಿಲ್ಲ. ತಾಯಿ ಹೋದಮೇಲೆ ಅವನನ್ನು ಸಾಕಿ ಬೆಳೆಸಿದ ದೊಡ್ಡಮ್ಮನಿಗೆ ಅದೇ ಚಿಂತೆ. ಅಂದು ಮಾತ್ರ ಅವನು ಬಾಯಿಬಿಟ್ಟ.

"ಆ ಹಲ್ಲು ಸರಿ ಮಾಡಿಸಬೇಡಿ."

"ಏನು?"

"ಏನಿಲ್ಲ. ಊಟ ಆಯ್ತಾ?"

ಮಾರನೆಯ ದಿನದಿಂದ ಕೆಲಸ ಶುರುವಾಯಿತು. ಅವಳು ನೀರಿನ ಪೈಪನ್ನೇ ನೆಲದ ಮೇಲೆ ಹಾವಿನಂತೆ ಬಳುಕಿಸಿ ಪಾತಿಯ ಅಂಚು ಗುರುತಿಸಿದಳು. ದೊಡ್ಡಮ್ಮನ ಕಿಟಕಿಯಲ್ಲಿ ಕುಳಿತು ನೋಡುವುದು, ಮತ್ತೆ ಹೋಗಿ ಪೈಪು ಸರಿಸುವುದು. ಹಿಂದೆ ಎತ್ತರದ ಜರೀಗಿಡ, ನಡುವೆ ಬಿಗೋನಿಯಾ, ಅಂಚಿಗೆ ನೆಲ ತಬ್ಬಿಕೊಳ್ಳುವ ಸಣ್ಣೆಲೆಯ ಬಳ್ಳಿ. ತೀರಾ ಕತ್ತಲಿನ ಮೂಲೆಗೆ ಬಿಳಿ ಎಲೆಯ ಕ್ಯಾಲಾಡಿಯಂ.

"ನೆರಳಲ್ಲಿ ಹೂವಿಗೆ ಆಸೆ ಪಡಬಾರದು," ಎನ್ನುವಳು. "ಎಲೇನೇ ಹೂವು ಅಂದ್ಕೋಬೇಕು."

ಮರದ ಬೇರು ಸಿಕ್ಕಲ್ಲೆಲ್ಲ ಸಲಿಕೆ ಪಕ್ಕಕ್ಕಿಟ್ಟು ಬೆರಳಿನಿಂದ ಕೆದಕುವಳು. "ಈ ಮರದ ಬೇರು ಮೇಲ್ಮೇಲೇ ಇರುತ್ತೆ. ನೀರು ನಿಂತ್ರೆ ಉಸಿರು ಕಟ್ಟಿಬಿಡುತ್ತೆ ಇದಕ್ಕೆ. ನೀರು ಹಾಕುವಾಗ ಹುಷಾರು, ಆಯ್ತಾ?"

ಅವನು ಹೂಂ ಎಂದ. ಅವಳ ಬೆರಳುಗಳನ್ನು ನೋಡುತ್ತಿದ್ದವನು ಅವಳು ಏನು ಕೇಳಿದ್ದರೂ ಹೂಂ ಎನ್ನುತ್ತಿದ್ದ. ಅವಳು ತಲೆ ಎತ್ತಿದಾಗ ಅವನು ಮೋಡ ನೋಡುವನು. ಅವನು ಮೋಡ ನೋಡುವಾಗ ಅವಳು ಅವನನ್ನು ನೋಡುವಳು. ಇಬ್ಬರನ್ನೂ ಕಿಟಕಿಯಿಂದ ದೊಡ್ಡಮ್ಮ ನೋಡುವರು.

ಕೆಲಸ ಮುಗಿದ ಸಂಜೆ ಅವಳು ಕೈ ತೊಳೆದುಕೊಂಡು ಚೀಲ ಹೆಗಲಿಗೇರಿಸಿದಳು. "ಇನ್ನು ನಾನು ಬರೋ ಅಗತ್ಯ ಇಲ್ಲ. ಏನಾದ್ರೂ ಬಾಡಿದ್ರೆ ಮಾತ್ರ ಕರೀರಿ."

ಗೇಟಿನ ಹತ್ತಿರ ಅವಳು ತುಸು ತಡೆದು ನಿಂತಿದ್ದಳು. ಬೇರೆ ಯಾರಾದರೂ ಆಗಿದ್ದರೆ ಅಷ್ಟು ಹೊತ್ತಿನಲ್ಲಿ ಹೇಳಬೇಕಾದ್ದನ್ನು ಹೇಳಿ, ಬೇಕಿದ್ದರೆ ಬೈಸಿಕೊಂಡೂ ಮುಗಿಸುತ್ತಿದ್ದರು. ನಮ್ಮವನ ಬಾಯಿಗೆ ಬೀಗ ಬಿದ್ದಿತ್ತು.

ಮೊದಲ ಬಿಗೋನಿಯಾ ಕೊಳೆತದ್ದು ಅವನ ಮರೆವಿನಿಂದ. ಬೆಳಿಗ್ಗೆ ನಲ್ಲಿ ನಿಲ್ಲಿಸದೆ ಲ್ಯಾಬಿಗೆ ಹೋಗಿಬಿಟ್ಟಿದ್ದ. ಫೋನ್ ಮಾಡಿದ ಕೂಡಲೇ ಅವಳು ಬಂದಳು. ಗಿಡ ಬದಲಿಸಿ, ಕತ್ತಲಾಗುವವರೆಗೆ ಕಟ್ಟೆಯ ಮೇಲೆ ಕುಳಿತು ಟೀ ಕುಡಿದು, ಅವನ ಲ್ಯಾಬಿನ ಕಥೆಗಳಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಎರಡನೆಯದು ಮರೆವಲ್ಲ.

ಶೇವಿಂಗಿಗೆ ಕೂರುವ ಮೊದಲು ಪೈಪಿನ ತುದಿಯನ್ನು ಒಣಗಿದೆಲೆಗಳ ಹೊದಿಕೆಯ ಕೆಳಗೆ ತೂರಿಸಿ ನಲ್ಲಿ ತಿರುಗಿಸುವುದು. ಬೂಟು ಹಾಕಿಕೊಳ್ಳುವ ಹೊತ್ತಿಗೆ ನಿಲ್ಲಿಸುವುದು. ಮೇಲಿನ ಎಲೆ ಒಣಗಿಯೇ ಇರುತ್ತಿತ್ತು. ಕೆಳಗೆ ಒಂದೊಂದಾಗಿ ಗಿಡಗಳು ಬುಡ ಮೆತ್ತಗಾಗಿ, ಕಪ್ಪಾಗಿ, ಮುಟ್ಟಿದರೆ ಕೈಗೆ ಬರುತ್ತಿದ್ದವು. ಪ್ರತಿಸಲವೂ ಅವಳು ಬಂದಳು. ಪ್ರತಿಸಲವೂ ನಗು ಸ್ವಲ್ಪ ಕಡಿಮೆಯಾಯಿತು.

"ಕೆಳಗೆಲ್ಲೋ ಪೈಪ್ ಒಡೆದಿರಬೇಕು," ಎಂದಳು ಒಂದು ದಿನ.

"ಪ್ಲಂಬರ್ ಬಂದು ನೋಡಿದ. ಏನೂ ಇಲ್ವಂತೆ."

ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಮೈ ಜುಮ್ಮೆಂದಿತು. ಅವಳು ತನ್ನ ಅಂಗೈಗಳನ್ನೇ ತಿರುಗಿಸಿ ನೋಡಿಕೊಂಡಳು.

"ಹಾಗಾದ್ರೆ ತಪ್ಪು ನಂದೇ. ಹೊಸ ಮನೆಯವರೊಬ್ಬರು ಕರೆದಿದ್ರು, ಆಗಲ್ಲ ಅಂದುಬಿಟ್ಟೆ. ಧೈರ್ಯ ಬರ್ತಿಲ್ಲ ನಂಗೆ."

ಆಗಲಾದರೂ ಹೇಳಬಹುದಿತ್ತು. ಹೇಳಿದರೆ ಎದ್ದು ಹೋಗುತ್ತಾಳೆ, ಮತ್ತೆಂದೂ ಬರುವುದಿಲ್ಲ ಎನ್ನುವ ಭಯಕ್ಕೆ ಅವನು ಕೊಳೆತ ಗಿಡಗಳನ್ನು ಬುಟ್ಟಿಗೆ ತುಂಬತೊಡಗಿದ.

ದೊಡ್ಡಮ್ಮ ಕಿಟಕಿ ಮುಚ್ಚಿಸಿದರು. ಟೀ ಕೊಡುವ ನೆಪದಲ್ಲಿ ಹುಡುಗಿಯ ಕೈ ಹಿಡಿದು ಕೂರಿಸಿಕೊಂಡರು. "ನೀನು ಇಲ್ಲಿಗೆ ಬರೋದು ನಿಲ್ಲಿಸು ತಾಯಿ. ಇವನಮ್ಮ, ನನ್ನ ತಂಗಿ, ಈ ಮನೆಗೆ ಬಂದಾಗ ನಿನ್ನಷ್ಟೇ ವಯಸ್ಸು. ವರ್ಷ ತುಂಬೋದ್ರೊಳಗೆ ಇವನನ್ನ ಹೆತ್ತು ಹೋದ್ಲು. ಈ ಮನೇಲಿ ಎಳೇದು ಯಾವುದೂ ಉಳಿಯಲ್ಲ. ಕಣ್ಣಾರೆ ನೋಡ್ತಿದ್ದೀಯಲ್ಲ."

"ಗಿಡಕ್ಕೂ ಮನುಷ್ಯರಿಗೂ ಏನು ಸಂಬಂಧ ದೊಡ್ಡಮ್ಮ?" ಎಂದಳು. ಆದರೂ ಅಂದು ಹೊರಡುವಾಗ ಅವಳು ಗೇಟಿನ ಹತ್ತಿರ ನಿಲ್ಲಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡವನು ಅವಳು ತಿರುವು ದಾಟುವವರೆಗೂ ನೋಡಿದ. ಅವಳನ್ನು ಕರೆತರಲೆಂದು ಮಾಡಿದ್ದೇ ಅವಳನ್ನು ಓಡಿಸುತ್ತಿತ್ತು.

ಆ ದಿನದಿಂದ ಅವನು ನಲ್ಲಿ ಮುಟ್ಟಲಿಲ್ಲ. ಆದರೆ ತಡವಾಗಿತ್ತು. ಮರದ ತುದಿಯ ಎಲೆಗಳು ಬಿಳಿಚಿಕೊಂಡು ಉದುರತೊಡಗಿದವು. ಬುಡದಿಂದ ಹುಳಿಹುಳಿ ವಾಸನೆ ಏಳುತ್ತಿತ್ತು. ಒಂದು ಬೆಳಿಗ್ಗೆ, ಮನೆಗೆ ಬೆನ್ನು ಹಾಕಿದ ಬದಿಯಲ್ಲಿ ನೆಲ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಅವನು ಕಾಲಿನಿಂದ ಮಣ್ಣು ನೂಕಿ ಮುಚ್ಚಿದ. ಮಾರನೆಯ ದಿನ ಮುಷ್ಟಿ ತೂರುವಷ್ಟಾಗಿತ್ತು. ಮರ ಕಂಡೂ ಕಾಣದಂತೆ ಮನೆಯ ಕಡೆ ವಾಲಿತ್ತು. ಅದರ ದೊಡ್ಡ ಕೊಂಬೆಯ ಕೆಳಗೇ ದೊಡ್ಡಮ್ಮನ ಕೋಣೆ, ಕಿಟಕಿಗೆ ಒತ್ತಿಕೊಂಡು ಅವರ ಮಂಚ.

ಮರ ಕಡಿಯುವವರಿಗೆ ಫೋನ್ ಮಾಡಿದ. ವಾರ ಬಿಟ್ಟು ಬರುತ್ತೇವೆಂದರು. ಕೋಣೆ ಬದಲಾಯಿಸೋಣವೆಂದರೆ ದೊಡ್ಡಮ್ಮ, "ಯಾಕೆ?" ಎಂದರು. ಯಾಕೆಂದು ಹೇಳಲು ಹೊರಟರೆ ಮೊದಲಿನಿಂದ ಹೇಳಬೇಕಿತ್ತು. ಏನಿಲ್ಲ ಎಂದು ಅವನು ಲ್ಯಾಬಿಗೆ ಹೊರಟ.

ಭಾನುವಾರ ಮಧ್ಯಾಹ್ನ ಗಾಳಿ ಎದ್ದಿತು. ಅದೇ ಹೊತ್ತಿಗೆ ಕರೆಯದೆಯೇ ಅವಳು ಬಂದಳು. "ಇವತ್ತು ಇಡೀ ಪಾತಿ ಅಗೀತೀನಿ. ಕೊನೇ ಸಲ. ಆಮೇಲೆ ಈ ಕೆಲಸವೇ ಬೇಡ ನಂಗೆ," ಎಂದು ಸೀದಾ ಮರದ ಬುಡಕ್ಕೆ ಹೋಗಿ ಮಂಡಿಯೂರಿದಳು.

"ಎದ್ದು ಈಚೆ ಬನ್ನಿ," ಎಂದ.

"ಯಾಕೆ, ಮುಖ ನೋಡಬೇಕಾ? ಅಲ್ಲಿಂದಲೇ ನೋಡಿ." ಬಹಳ ದಿನದ ಮೇಲೆ ಕಣ್ಣಂಚಿನಲ್ಲಿ ತುಂಟತನ. ಮೇಲೆ ಕೊಂಬೆಯೊಂದು ನರಳಿತು.

"ದಮ್ಮಯ್ಯ ಅಂತೀನಿ, ಬನ್ನಿ. ನೀರು ಬಿಡ್ತಿದ್ದಿದ್ದು ನಾನು."

ಅವಳ ಕೈ ನಿಂತಿತು.

"ದಿನಾ ಬೆಳಿಗ್ಗೆ. ಎಲೆ ಕೆಳಗೆ ಪೈಪ್ ಇಟ್ಟು. ಬಾಡಿದ್ರೆ ಮಾತ್ರ ಕರೀರಿ ಅಂದ್ರಲ್ಲ... ನೀವು ಬರ್ಲಿ ಅಂತ. ನಿಮ್ಮನ್ನ ಬಿಟ್ಟಿರೋಕೆ ನನ್ನಿಂದ ಆಗ್ಲಿಲ್ಲ."

"ಪ್ಲಂಬರ್?"

"ಬಂದೇ ಇಲ್ಲ. ಮರದ ಬೇರೂ ಕೊಳೆತಿದೆ. ಆ ಕಡೆ ನೋಡಿ."

ಅವಳು ಎದ್ದು ಮರವನ್ನು ಬಳಸಿ ಹೋದಳು. ಬಿರುಕಿನೊಳಗೆ ಕೈ ಇಳಿಸಿದಳು. ಮಣಿಕಟ್ಟು ದಾಟಿ ಮೊಣಕೈವರೆಗೂ ಇಳಿಯಿತು. ಗಾಳಿಯ ಹೊಡೆತಕ್ಕೆ ಒಳಗೆ ನೆಲ ಮೇಲೆದ್ದು ಕೂತದ್ದು ಅವಳ ಕೈಗೆ ತಿಳಿದಿರಬೇಕು, ಮುಖದ ರಕ್ತವೆಲ್ಲ ಇಳಿದುಹೋಯಿತು.

"ದೊಡ್ಡಮ್ಮ ಎಲ್ಲಿ?"

"ಒಳಗೆ. ಮಲಗಿದಾರೆ."

ಇಬ್ಬರೂ ಓಡಿದರು. ನಿದ್ದೆಗಣ್ಣಿನ ದೊಡ್ಡಮ್ಮನನ್ನು ಅವನು ಮಗುವಿನಂತೆ ಎತ್ತಿಕೊಂಡ. ಅವಳು ಅವರ ಊರುಗೋಲು, ಕನ್ನಡಕ ಬಾಚಿಕೊಂಡಳು. ಬೀದಿ ಕಡೆಯ ಕೋಣೆಯಲ್ಲಿ ಅವರನ್ನು ಇಳಿಸಿ ಉಸಿರು ಬಿಡುವುದಕ್ಕೂ ಇಲ್ಲ, ಹಿಂದೆ ದೊಡ್ಡ ಬಟ್ಟೆ ಹರಿದಂತಹ ಸದ್ದಾಯಿತು. ಮನೆಯೆಲ್ಲ ಅದುರಿತು. ಆಮೇಲೆ ಧೂಳು, ಆಮೇಲೆ ಆ ಮನೆಯಲ್ಲಿ ಎಂದೂ ಕಾಣದಿದ್ದ ಬೆಳಕು. ದೊಡ್ಡಮ್ಮನ ಮಂಚದ ಮೇಲೆ ಕೊಂಬೆ, ಹೆಂಚು, ಅರ್ಧ ಗೋಡೆ ಮಲಗಿದ್ದವು.

ಅವನು ದೊಡ್ಡಮ್ಮನ ಕಾಲ ಬಳಿ ಕುಸಿದು ಕುಳಿತು ಎಲ್ಲವನ್ನೂ ಹೇಳಿದ. ಅವರು ಕನ್ನಡಕ ಹಾಕಿಕೊಂಡು ಅವನ ಮುಖ ನೋಡಿದರು.

"ಹಾಗಾದ್ರೆ ಮನೆಯಲ್ಲ," ಎಂದರು ಕೊನೆಗೆ. "ನೀನು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವರು ಅವನ ತಲೆ ಸವರಿ ಗೋಡೆಯ ಕಡೆ ತಿರುಗಿ ಮಲಗಿದರು.

ಹಿತ್ತಲಿಗೆ ಬಂದಾಗ ಅವಳು ಬಿಸಿಲಿನಲ್ಲಿ ನಿಂತಿದ್ದಳು. ಬದುಕುಳಿದ ಜರೀಗಿಡಗಳ ಎಲೆಗಳು ಆಗಲೇ ಮುದುಡುತ್ತಿದ್ದವು. ಅವುಗಳ ಮೇಲೆ ಗೋಣಿಚೀಲ ಹೊದಿಸುತ್ತಿದ್ದಳು. ಅಳುತ್ತಿದ್ದಳು, ಕೈ ಮಾತ್ರ ನಿಂತಿರಲಿಲ್ಲ.

"ಸುಮ್ನೆ ಫೋನ್ ಮಾಡಿ ಬಾ ಅಂದಿದ್ರೆ ಬರ್ತಿದ್ದೆ. ಆ ಗೇಟ್ ಹತ್ರ ಯಾಕೆ ನಿಂತಿದ್ದೆ ಅಂದ್ಕೊಂಡಿದ್ರಿ? ಚಪ್ಪಲಿ ಕಚ್ಚುತ್ತೆ ಅಂತಾನಾ?"

"ಹೋಗ್ತೀರಾ?"

"ಹೋಗಬೇಕು. ಬುದ್ಧಿ ಇರೋಳು ಯಾರಾದ್ರೂ ಹೋಗ್ತಾಳೆ." ಮೂಗು ಒರೆಸಿಕೊಂಡಳು. "ನನ್ನ ಕೈಯಲ್ಲೇ ಏನೋ ಕೆಟ್ಟದ್ದಿದೆ ಅಂತ ನಿದ್ದೆ ಬಿಟ್ಟೆ ನಾನು. ನೀವು ನೋಡ್ತಾ ಇದ್ರಿ. ಅದೇ ಮರೆಯೋಕಾಗ್ತಿಲ್ಲ. ನೀವಂದ್ರೆ ನಂಗೆ ಇಷ್ಟ, ಅದೂ ಹೋಗ್ತಿಲ್ಲ."

ಅವನು ಹತ್ತಿರ ಬಂದ. ಅವಳು ಹಿಂದೆ ಸರಿಯಲಿಲ್ಲ.

"ಒಂದು ಮಾತು ಕೇಳಿಸ್ಕೊಳ್ಳಿ," ಎಂದಳು. " ಆಮೇಲೆ ಯೋಚನೆ ಮಾಡಿ ಹೇಳಿ. ಇನ್ಮೇಲೆ ನಮ್ಮ ಮನೇಲಿ ಏನು ಬಾಡಿದ್ರೂ, ಗಿಡ ಆಗ್ಲಿ, ದೊಡ್ಡಮ್ಮ ಆಗ್ಲಿ, ನಾಳೆ ಮಗು ಜ್ವರ ಬಂದು ಮಲಗಿದ್ರೂ, ನಾನು ಮೊದಲು ನಿಮ್ಮ ಮುಖ ನೋಡ್ತೀನಿ, ಇವ್ರೇನಾ ಅಂತ. ಬೇಡ ಅಂದ್ಕೊಂಡ್ರೂ ನೋಡ್ತೀನಿ. ಹಾಗೆ ಬದುಕೋಕೆ ಆಗುತ್ತಾ ನಿಮಗೆ?"

ನಮ್ಮ ಮನೆ ಎಂದಳು. ಅವನ ಕಿವಿಗೆ ಮೊದಲು ಬಿದ್ದದ್ದು ಅದು. ನಗು ಬಂದೇಬಿಟ್ಟಿತು. ಉಳಿದ ಮಾತು ನಿಧಾನಕ್ಕೆ ಒಳಗಿಳಿದಾಗ ಬಿಸಿಲಿನಲ್ಲಿಯೂ ಮೈ ತಣ್ಣಗಾಯಿತು.

"ಆಗುತ್ತೆ," ಎಂದ.

ಅವಳು ಮಣ್ಣು ಮೆತ್ತಿದ ಕೈಯನ್ನು ಅವನ ಕೈಗೆ ಕೊಟ್ಟಳು, ಬಿಗಿಯಾಗಿ ಹಿಡಿದುಕೊಂಡಳು. ಹಿಡಿದುಕೊಂಡೇ ಅವನ ಮುಖ ನೋಡತೊಡಗಿದಳು.